ಸ್ಟೀಲ್ ಗಿಟಾರ್ ಸೇರಿಸಿದರೂ ಹಾಡು ಹಳೇ ಕಂಟ್ರಿಯ ಹಾಗೆ ಕೇಳಿಸುತ್ತಿಲ್ಲ, ಯಾಕೆ?

ಆರುತಂತಿ

1950ರ ಆಸುಪಾಸಿನ, ಅಂದರೆ ಅಮೆರಿಕದ ಗಾಯಕ ಹ್ಯಾಂಕ್ ವಿಲಿಯಮ್ಸ್ ಕಾಲದ ಕಂಟ್ರಿ ಸಂಗೀತದ ಧಾಟಿಯಲ್ಲಿ ಒಂದು ಹಾಡು ಮಾಡಬೇಕು. ಡೆಮೊದಲ್ಲಿ ಸದ್ಯಕ್ಕೆ ಇರುವುದು ಇಷ್ಟು:

ಕೀ ಸಿ, ಟೆಂಪೊ 92. ವರ್ಸ್‌ಗೂ ಕೋರಸ್‌ಗೂ ಸಿ, ಜಿ, ಎ ಮೈನರ್, ಎಫ್, ಬಾರ್‌ಗೆ (ನಾಲ್ಕು ಪೆಟ್ಟಿನ ಸುತ್ತಿಗೆ) ಒಂದು ಕಾರ್ಡ್. ಅಕೂಸ್ಟಿಕ್ ಗಿಟಾರ್ ಸ್ಟ್ರಮ್ಮಿಂಗ್ ಎರಡು ಟ್ರ್ಯಾಕ್, ಎಡಕ್ಕೊಂದು ಬಲಕ್ಕೊಂದು. ಬೇಸ್ ಗಿಟಾರ್, ಡ್ರಮ್ ಲೂಪ್. ಇದರ ಮೇಲೆ ಪೆಡಲ್ ಸ್ಟೀಲ್ (ಮಲಗಿಸಿದ ತಂತಿಗಳ ಮೇಲೆ ಲೋಹದ ತುಂಡು ಸರಿಸಿ, ಕಾಲಿನ ಪೆಡಲ್‌ನಿಂದ ಸ್ವರ ಬಾಗಿಸುವ ಗಿಟಾರ್), ಫಿಡಲ್ (ಕಂಟ್ರಿ ಶೈಲಿಯ ಪಿಟೀಲು), ಎರಡೂ ಸ್ಯಾಂಪಲ್ ಲೈಬ್ರರಿಯವು. ಕೋರಸ್‌ನಲ್ಲಿ ದನಿಗೆ ನಾಲ್ಕು ಪದರ.

ಕೇಳಿದರೆ ಈಗಿನ ರೇಡಿಯೊ ಹಾಡಿಗೆ ಸ್ಟೀಲ್ ಅಂಟಿಸಿದ ಹಾಗಿದೆ. ಸ್ಟೀಲ್ ವಾಲ್ಯೂಮ್ ಏರಿಸಿದಷ್ಟೂ ಇನ್ನೂ ಕೃತಕ. ಹಳೆಯದಕ್ಕೂ ಹೊಸದಕ್ಕೂ ನಿಜವಾದ ವ್ಯತ್ಯಾಸ ಇರುವುದು ವಾದ್ಯದಲ್ಲೋ, ಕಾರ್ಡ್‌ನಲ್ಲೋ, ರೆಕಾರ್ಡಿಂಗ್‌ನಲ್ಲೋ? ಯಾವುದನ್ನು ಮೊದಲು ಬದಲಿಸಬೇಕು?

ಟಿಕ್‌ಟ್ಯಾಕ್

ಮೊದಲು ಡ್ರಮ್ ಲೂಪ್ ಡಿಲೀಟ್ ಮಾಡಿ, ಆಮೇಲೆ ಮಿಕ್ಕಿದ ಮಾತು.

ಹ್ಯಾಂಕ್ ವಿಲಿಯಮ್ಸ್ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚಿನವಕ್ಕೆ ಡ್ರಮ್ಮೇ ಇಲ್ಲ. ನ್ಯಾಶ್‌ವಿಲ್‌ನ ಕಂಟ್ರಿ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆಗೂ ಡ್ರಮ್ಮನ್ನು ಬಹಳ ಕಾಲ ಹತ್ತಲು ಬಿಡಲಿಲ್ಲ. ಹಾಗಂತ ತಾಳ ಇರಲಿಲ್ಲ ಅಂತಲ್ಲ, ತಂತಿವಾದ್ಯಗಳೇ ಆ ಕೆಲಸ ಹಂಚಿಕೊಂಡಿದ್ದವು. 1 ಮತ್ತು 3ನೇ ಪೆಟ್ಟಿಗೆ ಬೇಸ್. 2 ಮತ್ತು 4ಕ್ಕೆ ರಿದಮ್ ಗಿಟಾರ್‌ನ 'ಚಕ್'. ಕಾರ್ಡ್ ಹಿಡಿದು, ಬಾರಿಸಿದ ತಕ್ಷಣ ಎಡಗೈ ಬೆರಳು ಸಡಿಲಿಸಿದರೆ ಸ್ವರ ಸತ್ತು ಬರೀ ಪೆಟ್ಟು ಉಳಿಯುತ್ತದೆ. ಸ್ನೇರ್ ಡ್ರಮ್ಮಿನ ಜಾಗ ಅದರದ್ದು. ಜಾನಿ ಕ್ಯಾಶ್ 1956ರಲ್ಲಿ 'ಐ ವಾಕ್ ದಿ ಲೈನ್'ಗೆ ಗಿಟಾರ್ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಸ್ನೇರ್‌ನಂಥ ಶಬ್ದ ತೆಗೆದದ್ದು ಇದೇ ಕಾರಣಕ್ಕೆ, ಆಗ ಅವರ ತಂಡದಲ್ಲಿ ಡ್ರಮ್ಮರ್ ಇರಲಿಲ್ಲ. ಕಾಗದವನ್ನು ಒಂದು ತಂತಿಯ ಮೇಲೆ, ಇನ್ನೊಂದರ ಕೆಳಗೆ ಅಂತ ಹೆಣೆದು ನೋಡಿ. ತೀರಾ ದಪ್ಪ ಕಾಗದವಾದರೆ ಸ್ವರವೇ ಹೋಗುತ್ತದೆ, ತೆಳ್ಳಗಿದ್ದರೆ ಬರೀ ಝರ್ ಅನ್ನುತ್ತದೆ. ಹಣದ ನೋಟಿನಷ್ಟು ಗಟ್ಟಿ ಇದ್ದರೆ ಸಾಕು.

ಎರಡು ಕಡೆ ಪ್ಯಾನ್ ಮಾಡಿದ ಸ್ಟ್ರಮ್ಮಿಂಗ್ ಕೂಡ ಹೋಗಬೇಕು. ಬಾರ್‌ಗೆ ಎಂಟು, ಹದಿನಾರು ಸ್ಟ್ರೋಕ್ ಹೊಡೆದರೆ ಅದು ಗೋಡೆಗೆ ಬಣ್ಣ ಬಳಿದ ಹಾಗೆ, ಒಂದು ಬಿರುಕೂ ಉಳಿಯುವುದಿಲ್ಲ. ಒಂದೇ ಗಿಟಾರ್, 'ಬೂಮ್–ಚಕ್', ಅಷ್ಟೇ.

ಬೇಸ್: ಮೂಲಸ್ವರ ಮತ್ತು ಅದರ ಪಂಚಮ, ಬಾರ್‌ಗೆ ಎರಡೇ ಸ್ವರ. ಸಿ ಕಾರ್ಡ್‌ಗೆ ಸಿ, ಜಿ. ಕಾರ್ಡ್ ಬದಲಾಗುವ ಮುಂಚಿನ ಬಾರ್‌ನಲ್ಲಿ ಮಾತ್ರ ನಡೆದುಕೊಂಡು ಹೋಗಬಹುದು: ಜಿಯಿಂದ ಸಿಗೆ ಹೋಗಲು ಜಿ, ಎ, ಬಿ. ಸಿಯಿಂದ ಎಫ್‌ಗೆ ಸಿ, ಡಿ, ಇ. ಇಲ್ಲಿ ಎಲ್ಲರೂ ಎಡವುವುದು ಸಸ್ಟೇನ್‌ನಲ್ಲಿ. ಆಗ ಬಳಸುತ್ತಿದ್ದ ಡಬಲ್ ಬೇಸ್‌ನ ಸ್ವರ ಬೇಗ ಆರುತ್ತದೆ, ಬೇಸ್ ಗಿಟಾರ್‌ನದು ಮುಂದಿನ ಪೆಟ್ಟಿನವರೆಗೂ ಎಳೆಯುತ್ತದೆ. ಫ್ಲಾಟ್‌ವೌಂಡ್ ತಂತಿ ಹಾಕಿ, ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ಸ್ಪಾಂಜ್ ತುಂಡು ತುರುಕಿ, ಹೆಬ್ಬೆರಳಲ್ಲಿ ಮೀಟಿ.

ಇನ್ನು ಕಾರ್ಡ್. 1–5–6 ಮೈನರ್–4 ಸುತ್ತು (ನಿಮ್ಮ ಸಿ, ಜಿ, ಎ ಮೈನರ್, ಎಫ್) ಇಟ್ಟುಕೊಂಡು ಹಳೆಯ ಕಂಟ್ರಿ ಕಟ್ಟುವುದು ಆಗದ ಮಾತು. ಈ ಸುತ್ತಿಗೆ ಮನೆ ಇಲ್ಲ, ಎಲ್ಲೂ ನಿಲ್ಲದೆ ತಿರುಗುತ್ತಲೇ ಇರುತ್ತದೆ. ಹಳೆಯ ಹಾಡು ಮನೆಯಿಂದ ಹೊರಟು ಮನೆಗೇ ಬಂದು ಮುಟ್ಟುತ್ತದೆ. ಎಂಟು ಬಾರ್‌ನ ಒಂದು ಮಾದರಿ: ಸಿ ನಾಲ್ಕು ಬಾರ್, ಡಿ7 ಒಂದು, ಜಿ7 ಒಂದು, ಸಿ ಎರಡು. ಆ ಡಿ7 ಮುಖ್ಯ. ಸಿ ಕೀಯಲ್ಲಿ ಸಹಜವಾಗಿ ಬರುವುದು ಡಿ ಮೈನರ್. ಅದನ್ನು ಮೇಜರ್ ಮಾಡಿ 7 ಸೇರಿಸಿದರೆ ಎಫ್ ಶಾರ್ಪ್ ಬಂದು ಜಿಗೆ ತಳ್ಳುತ್ತದೆ, ಜಿ7 ಸಿಗೆ ತಳ್ಳುತ್ತದೆ. ಕಾರ್ಡ್‌ಗಳಿಗೆ ಹೆಸರಿನ ಬದಲು ಅಂಕಿ ಕೊಡುವ ನ್ಯಾಶ್‌ವಿಲ್ ನಂಬರ್ ಪದ್ಧತಿಯಲ್ಲಿ ಬರೆದರೆ 1 – 2 ಮೇಜರ್ – 5 – 1. (ಈ ಪದ್ಧತಿ 1950ರ ದಶಕದ ಕೊನೆಗೆ ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ ಕೈಯಲ್ಲಿ ಹುಟ್ಟಿ, ಚಾರ್ಲಿ ಮೆಕಾಯ್ ಥರದ ಸೆಷನ್ ವಾದಕರಿಂದ ಹಬ್ಬಿತು. ಗಾಯಕ ಕೀ ಬದಲಿಸಿ ಅಂದರೂ ಚಾರ್ಟ್ ತಿದ್ದಬೇಕಿಲ್ಲ.)

ಟೋನ್‌ಬಾರ್

ಟಿಕ್‌ಟ್ಯಾಕ್ ಹೇಳಿದ್ದಕ್ಕೆಲ್ಲ ಒಪ್ಪಿಗೆ. ಸ್ಟೀಲ್ ವಿಷಯ ನನಗೆ ಬಿಡಿ.

ನಿಮ್ಮ ಮೊದಲ ತಪ್ಪು ಇಸವಿಯದ್ದು. ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದು 1953ರ ಜನವರಿ 1. ಸ್ವರ ಮೊಳಗುತ್ತಿರುವಾಗಲೇ ಪೆಡಲ್ ತುಳಿದು ಅದನ್ನು ಬಾಗಿಸುವ ಶಬ್ದ ಜನಪ್ರಿಯವಾದದ್ದು 1954ರಲ್ಲಿ, ವೆಬ್ ಪಿಯರ್ಸ್‌ನ 'ಸ್ಲೋಲಿ' ಹಾಡಿಗೆ ಬಡ್ ಐಸಾಕ್ಸ್ ನುಡಿಸಿದ ಮೇಲೆ. ಹ್ಯಾಂಕ್ ಹಾಡುಗಳಲ್ಲಿ ಡಾನ್ ಹೆಲ್ಮ್ಸ್ ನುಡಿಸಿದ್ದು ಪೆಡಲ್ ಇಲ್ಲದ ಸ್ಟೀಲ್. ನಿಮ್ಮ ಸ್ಯಾಂಪಲ್ ಮಾಡುವ ಆ 'ಅಳುವ' ಬಾಗು ಆಗಿನ್ನೂ ಚಾಲ್ತಿಗೇ ಬಂದಿರಲಿಲ್ಲ.

ಎರಡಕ್ಕೂ ಇರುವ ವ್ಯತ್ಯಾಸ ಕೈಯಳತೆಯಲ್ಲಿ ನೋಡಿ. ಇ9 ಟ್ಯೂನಿಂಗ್‌ನ ಪೆಡಲ್ ಸ್ಟೀಲ್‌ನಲ್ಲಿ 3, 4, 5ನೇ ತಂತಿಗಳು ಜಿ ಶಾರ್ಪ್, ಇ, ಬಿ. ಬಾರ್ (ಇಲ್ಲಿ ತಾಳದ ಬಾರ್ ಅಲ್ಲ, ತಂತಿ ಮೇಲೆ ಸರಿಸುವ ಲೋಹದ ತುಂಡು) ಇಡದೆ ಮೀಟಿದರೆ ಇ ಕಾರ್ಡ್, ಬಾರ್ 8ನೇ ಫ್ರೆಟ್‌ನಲ್ಲಿಟ್ಟರೆ ಸಿ. ಈಗ ಎ ಮತ್ತು ಬಿ ಪೆಡಲ್ ಒಟ್ಟಿಗೆ ತುಳಿಯಿರಿ. 5ನೇ ತಂತಿ ಎರಡು ಅರ್ಧಸ್ವರ ಏರುತ್ತದೆ, 3ನೆಯದು ಒಂದು ಅರ್ಧಸ್ವರ, ನಡುವಿನ 4ನೆಯದು ಇದ್ದಲ್ಲೇ ಇರುತ್ತದೆ. ಬಾರ್ ಕದಲದೆಯೇ ಸಿ ಹೋಗಿ ಎಫ್ ಬಂತು. ಒಂದು ಸ್ವರ ನಿಂತಿದೆ, ಅದರ ಎರಡೂ ಪಕ್ಕದವು ಜಾರುತ್ತಿವೆ. 1954ರಿಂದ ಇಲ್ಲಿಯವರೆಗೆ ನಾವು 'ಕಂಟ್ರಿ ಶಬ್ದ' ಅನ್ನುವುದು ಹೆಚ್ಚುಕಡಿಮೆ ಇದನ್ನೇ.

ಪೆಡಲ್ ಇಲ್ಲದ ಸ್ಟೀಲ್‌ನಲ್ಲಿ ಬಾರ್ ಸರಿದರೆ ಅದರಡಿಯ ತಂತಿಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಬಾರ್ ಓರೆ ಹಿಡಿದು ಅಂತರ ಬದಲಿಸುವ ಉಪಾಯವೊಂದಿದೆ, ಆದರೆ ಶ್ರುತಿ ಹಿಡಿಯುವುದು ಕಷ್ಟ.

ಕೀಬೋರ್ಡ್‌ನಲ್ಲಿ ಆಗುವ ಎಡವಟ್ಟು ಇಲ್ಲೇ. ಪಿಚ್ ವೀಲ್ ತಿರುಗಿಸಿದರೆ ಆ ಮಿಡಿ ಚಾನೆಲ್‌ನ ಸ್ವರಗಳೆಲ್ಲ ಒಟ್ಟಿಗೆ ಬಾಗುತ್ತವೆ, ಹಾಗಾಗಿ ಪೆಡಲ್ ಸ್ಟೀಲ್ ಬೇಕೆಂದವರಿಗೆ ಅದು ನಕಲಿ ಅನಿಸುತ್ತದೆ. ಅದಕ್ಕೆ ಮದ್ದು, ಪ್ರತಿ ತಂತಿಗೂ ಒಂದೊಂದು ಚಾನೆಲ್ ಕೊಟ್ಟು, ಬೆಂಡ್ ರೇಂಜ್ 2 ಅರ್ಧಸ್ವರಕ್ಕೆ ಇಟ್ಟು, ಬೇಕಾದ ತಂತಿಯನ್ನಷ್ಟೇ ಬಾಗಿಸುವುದು. ನಿಮಗೆ ಬೇಕಾದ 1950ರ ಶಬ್ದಕ್ಕಾದರೆ ಪಿಚ್ ವೀಲ್‌ನ ಈ 'ದೋಷ'ವೇ ಸರಿಯಾದ ನುಡಿಸಾಣಿಕೆ! ಸೆಕೆಂಡ್ ಹ್ಯಾಂಡ್ ಲ್ಯಾಪ್ ಸ್ಟೀಲ್ ಸಿಕ್ಕರೆ ಇನ್ನೂ ಒಳ್ಳೆಯದು. ಸಿ6 ಟ್ಯೂನಿಂಗ್, ದಪ್ಪ ತಂತಿಯಿಂದ ತೆಳುವಿಗೆ: ಸಿ, ಇ, ಜಿ, ಎ, ಸಿ, ಇ.

ಶ್ರುತಿಯದ್ದೂ ಒಂದು ಕಿತಾಪತಿ ಇದೆ. ಸ್ಟೀಲ್‌ಗೆ ಫ್ರೆಟ್ ಬರೀ ಗುರುತು, ವಾದಕ ಕಿವಿಯಿಂದಲೇ ಸರಿ ಮಾಡಿಕೊಳ್ಳುತ್ತಾನೆ. ಕಾರ್ಡ್‌ನ ಮೂರನೇ ಸ್ವರವನ್ನು ಪಿಯಾನೊ ಶ್ರುತಿಗಿಂತ ಒಂದಿಷ್ಟು ತಗ್ಗಿಸಿ ಕೂರಿಸುವುದು ರೂಢಿ. ಶುದ್ಧ ಮೂರನೇ ಸ್ವರ ಸುಮಾರು 14 ಸೆಂಟ್ (ಅರ್ಧಸ್ವರದ ನೂರನೇ ಭಾಗ ಒಂದು ಸೆಂಟ್) ಕೆಳಗೆ ಬರುತ್ತದೆ. ಸ್ಯಾಂಪಲ್ ಪಿಯಾನೊ ಶ್ರುತಿಯಲ್ಲೇ ಇದ್ದರೆ ಎರಡು ಮೂರು ತಂತಿ ಒಟ್ಟಿಗೆ ಹಿಡಿದಾಗ ಕಚಪಿಚ ಅನ್ನುತ್ತದೆ. ಆ ಸ್ವರವನ್ನು 8ರಿಂದ 12 ಸೆಂಟ್ ಇಳಿಸಿ ನೋಡಿ, ಗಿಟಾರ್ ಜತೆಗೂ ಜಗಳವಾಡುವುದಿಲ್ಲ.

ಇದೆಲ್ಲ ಮಾಡಿದ ಮೇಲೂ ಉಳಿಯುವ ಪ್ರಶ್ನೆ: ನಿಮ್ಮ ಹಾಡಿನಲ್ಲಿ ಗಾಯಕ ಎಲ್ಲಿ ಬಾಯಿ ಮುಚ್ಚುತ್ತಾನೆ?

ಹಳೆಯ ಹಾಡಿನಲ್ಲಿ ನಾಲ್ಕು ಬಾರ್‌ನ ಸಾಲು ಅಂದರೆ ಮಾತು ಎರಡೂವರೆ ಬಾರ್‌ಗೆ ಮುಗಿಯುತ್ತದೆ. ಉಳಿದ ಒಂದೂವರೆ ಬಾರ್ ಖಾಲಿ. ಆ ಖಾಲಿಯಲ್ಲಿ ಸ್ಟೀಲೋ ಫಿಡಲ್ಲೋ ಉತ್ತರ ಕೊಡುತ್ತದೆ, ಗಾಯಕ ಬಾಯಿ ತೆರೆದ ಕೂಡಲೇ ಹಿಂದೆ ಸರಿಯುತ್ತದೆ. ಸ್ಥಾಯಿಯೂ ಬೇರೆ. ಹೆಲ್ಮ್ಸ್ ಸ್ಟೀಲ್ ಹೆಚ್ಚಾಗಿ ಎತ್ತರದ ತಂತಿಗಳಲ್ಲಿ, ಹ್ಯಾಂಕ್ ಗಂಟಲಿಗೆ ಅಡ್ಡ ಬಾರದ ಜಾಗದಲ್ಲಿ ಕೇಳುತ್ತದೆ. ಈಗಿನ ಹಾಡಿನಲ್ಲಿ ಮಾತು ಹಿಪ್‌ಹಾಪ್‌ನಿಂದ ಬಂದ ಹದಿನಾರನೇ ಭಾಗದ ನಡೆಯಲ್ಲಿ ಬಾರ್ ತುಂಬಾ ಉರುಳುತ್ತದೆ. ಸಾಲು ಮುಗಿಯುವಷ್ಟರಲ್ಲಿ ಹಿನ್ನೆಲೆ ದನಿ 'ಓ... ಯೇ' ಅಂತ ಬಂದು ಉಳಿದದ್ದನ್ನೂ ಮುಚ್ಚುತ್ತದೆ. ಸ್ಟೀಲ್‌ಗೆ ಕೂರಲು ಜಾಗವಿಲ್ಲ, ಅದಕ್ಕೇ ಹಿಂದೆ ಉದ್ದದ ಸ್ವರ ಎಳೆಯುತ್ತ ಪ್ಯಾಡ್ ಆಗಿ ನಿಂತಿರುತ್ತದೆ. ನೀವು ವಾಲ್ಯೂಮ್ ಏರಿಸಿದಷ್ಟೂ ಕೃತಕ ಅನಿಸಿದ್ದು ಇದಕ್ಕೇ. ಮಾತಾಡುತ್ತಿರುವವನ ಬಾಯಿಗೆ ಅಡ್ಡ ಮಾತಾಡಿದ ಹಾಗೆ.

ಬೇಕರ್ಸ್‌ಫೀಲ್ಡ್‌ರಸ್ತೆ

ಒಂದು ಆಕ್ಷೇಪಣೆ. 'ಹಳೇ ಕಂಟ್ರಿ' ಅಂತ ಒಂದೇ ಗಂಟು ಕಟ್ಟಬೇಡಿ. ಆ ಗಂಟಿನೊಳಗೆ ಒಂದಕ್ಕೊಂದು ಆಗದವರೇ ಇದ್ದಾರೆ.

1927ರ ಬೇಸಿಗೆಯಲ್ಲಿ ರಾಲ್ಫ್ ಪೀರ್ ಟೆನ್ನೆಸಿಯ ಬ್ರಿಸ್ಟಲ್‌ನಲ್ಲಿ ವಿಕ್ಟರ್ ಕಂಪನಿಗಾಗಿ ಮೈಕ್ ಇಟ್ಟು ಕೂತಾಗ ಒಂದೇ ವಾರದಲ್ಲಿ ಕಾರ್ಟರ್ ಫ್ಯಾಮಿಲಿಯೂ ಜಿಮ್ಮಿ ರಾಜರ್ಸ್ ಕೂಡ ಸಿಕ್ಕರು. ಕಾರ್ಟರ್‌ಗಳದ್ದು ಮನೆ, ಚರ್ಚಿನ ಹಾಡು. ಮೇಬೆಲ್ ಹೆಬ್ಬೆರಳಿನಲ್ಲಿ ದಪ್ಪ ತಂತಿಗಳ ಮೇಲೆ ರಾಗ ನುಡಿಸುತ್ತ, ಬೆರಳಿನಿಂದ ತೆಳು ತಂತಿ ಸವರಿ ತಾಳ ಹಾಕುತ್ತಿದ್ದರು. ರಾಜರ್ಸ್‌ದು ಕರಿಯರ ಬ್ಲೂಸ್ ಜತೆ ಯೋಡಲ್, ಅಂದರೆ ಗಂಟಲಿನಿಂದ ಕಳ್ಳದನಿಗೆ ಹಾರಿ ಹಾಡುವುದು. ಬ್ಯಾಂಜೊ ವಾದ್ಯದ ಬೇರೇ ಆಫ್ರಿಕಾದ್ದು. ಅಂದರೆ 'ಬೆರಕೆ ಇಲ್ಲದ ಕಂಟ್ರಿ' ಮೊದಲ ದಿನವೂ ಇರಲಿಲ್ಲ. ಡ್ರಮ್ ವಿಷಯವೂ ಅಷ್ಟೆ: ಒಕ್ಲಹೋಮ, ಟೆಕ್ಸಾಸ್ ಕಡೆ ಬಾಬ್ ವಿಲ್ಸ್ ತಂಡ 1930ರ ದಶಕದಲ್ಲೇ ಡ್ರಮ್, ತುತ್ತೂರಿ ಇಟ್ಟುಕೊಂಡು ಕುಣಿಸುತ್ತಿತ್ತು.

ಈಗಿನವರನ್ನು ಬೈಯುವ 'ಪಾಪ್ ಮಾಡಿಬಿಟ್ಟರು' ಅನ್ನುವ ಬೈಗುಳಕ್ಕೂ ವಯಸ್ಸಾಗಿದೆ. ರಾಕ್ ಅಂಡ್ ರೋಲ್ ಬಂದು ಮಾರುಕಟ್ಟೆ ನುಂಗತೊಡಗಿದಾಗ, 1950ರ ದಶಕದ ಕೊನೆಗೆ, ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಫಿಡಲ್, ಸ್ಟೀಲ್ ತೆಗೆದು ಆರ್ಕೆಸ್ಟ್ರಾ ಥರದ ಪಿಟೀಲುಗಳ ಸಾಲು ಮತ್ತು ಹಿನ್ನೆಲೆ ಕೋರಸ್ ಕೂರಿಸಿದರು. ಅದೇ ನ್ಯಾಶ್‌ವಿಲ್ ಸೌಂಡ್. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಿಂದ ಬಕ್ ಓವೆನ್ಸ್, ಮರ್ಲ್ ಹ್ಯಾಗರ್ಡ್ ಟೆಲಿಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್‌ನ ಬ್ರಿಡ್ಜ್ ಪಿಕಪ್‌ನ ಚುಚ್ಚುವ ಶಬ್ದ ಮತ್ತು ಡ್ರಮ್ ಮುಂದಿಟ್ಟುಕೊಂಡು ಬಂದರು. 1980ರ ದಶಕದಲ್ಲಿ ಜಾರ್ಜ್ ಸ್ಟ್ರೇಟ್, ರ‍್ಯಾಂಡಿ ಟ್ರಾವಿಸ್ ಮತ್ತೆ ಹಿಂದಕ್ಕೆ ಎಳೆದರು.

ಈಗಿನದು ಬೇರೆಯೇ ಆಗಿದ್ದಕ್ಕೆ ಲೆಕ್ಕಪತ್ರವೂ ಕಾರಣ. 1991ರಲ್ಲಿ ಜನಪ್ರಿಯತೆಯ ಪಟ್ಟಿ ಹೊರಡಿಸುವ ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಗಳ ಅಂದಾಜು ವರದಿ ಬಿಟ್ಟು ಸೌಂಡ್‌ಸ್ಕ್ಯಾನ್‌ನ ನಿಜವಾದ ಮಾರಾಟ ಎಣಿಸತೊಡಗಿತು. ಅದೇ ವರ್ಷ ಗಾರ್ತ್ ಬ್ರೂಕ್ಸ್ ಆಲ್ಬಮ್ ಪಾಪ್ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಇಳಿಯಿತು. 2012ರ ಅಕ್ಟೋಬರ್‌ನಿಂದ ಕಂಟ್ರಿ ಹಾಡುಗಳ ಮುಖ್ಯ ಪಟ್ಟಿಗೆ ಸ್ಟ್ರೀಮಿಂಗ್, ಡಿಜಿಟಲ್ ಮಾರಾಟ ಮತ್ತು ಕಂಟ್ರಿ ಅಲ್ಲದ ರೇಡಿಯೊಗಳ ಪ್ರಸಾರವೂ ಲೆಕ್ಕಕ್ಕೆ ಬಂತು. ಪಾಪ್ ರೇಡಿಯೊ ಹಾಕಿದರೆ ಕಂಟ್ರಿ ಪಟ್ಟಿಯಲ್ಲಿ ಮೇಲೆ ಹೋಗುತ್ತೀರಿ ಅಂದಮೇಲೆ ನಿರ್ಮಾಪಕ ಯಾಕೆ ಬಿಟ್ಟಾನು? 808 ಡ್ರಮ್ ಯಂತ್ರದ ಕಿಕ್, ಚಿಟಿಕೆ ಶಬ್ದ, ಮಾತಿಗೂ ಹಾಡಿಗೂ ನಡುವಿನ ದನಿ ಮಾಮೂಲಾಯಿತು. 2017ರಲ್ಲಿ ಇದೇ ಅಚ್ಚಿನ ಸ್ಯಾಮ್ ಹಂಟ್ ಹಾಡೊಂದು ಆ ಪಟ್ಟಿಯ ತುದಿಯಲ್ಲಿ 34 ವಾರ ಕೂತಿತ್ತು.

ಸ್ಟೀಲ್ ಬರೀ ಒಡವೆಯೋ ಎಲುಬೋ ಅಂತ ಕಂಡುಹಿಡಿಯಲು ಶನಾಯಾ ಟ್ವೇನ್ ಅವರ 1997ರ ಆಲ್ಬಮ್ ಕೇಳಿ. ಅದನ್ನೇ ಹೊರದೇಶಗಳಿಗೆ ಮರುಮಿಕ್ಸ್ ಮಾಡಿ, ಫಿಡಲ್, ಸ್ಟೀಲ್ ಇಳಿಸಿ ಬಿಟ್ಟರು. ಹಾಡುಗಳು ಅಲುಗಾಡಲಿಲ್ಲ. ಹ್ಯಾಂಕ್ ಹಾಡಿನಿಂದ ಸ್ಟೀಲ್ ಕಿತ್ತರೆ ಸಾಲು ಸಾಲಿಗೂ ಗುಂಡಿ ಬೀಳುತ್ತದೆ. ಟೋನ್‌ಬಾರ್ ಹೇಳಿದ ಮಾತೇ ಇದು, ಬೇರೆ ದಾರಿಯಿಂದ.

ಆರುತಂತಿ

ತುಂಬ ಧನ್ಯವಾದ. ಲೂಪ್ ತೆಗೆದೆ, ಕಾರ್ಡ್ ಬದಲಿಸಿದೆ. ಈಗ ಪ್ರತಿ ಸಾಲಿನ ಕೊನೆಗೆ ಒಂದೂವರೆ ಬಾರ್ ಖಾಲಿ ಇದೆ, ಅದಕ್ಕೆ ಸಾಹಿತ್ಯದಲ್ಲಿ ಮೂರನೇ ಒಂದು ಭಾಗ ಕತ್ತರಿಸಬೇಕಾಯಿತು. ದನಿ ಮತ್ತು ಮಿಕ್ಸ್ ಹೇಗೆ? ಸ್ಲ್ಯಾಪ್‌ಬ್ಯಾಕ್ ಹಾಕಿದರೆ ಸಾಕಾ? ಟೇಪ್ ಪ್ಲಗಿನ್ ಇದೆ, ವಿನೈಲ್ ಚಟಪಟ ಶಬ್ದದ್ದೂ ಇದೆ.

ಒಂದೇಮೈಕ್

ಚಟಪಟ ಪ್ಲಗಿನ್ ತೆಗೆದು ಬಿಸಾಡಿ. ಅದು ಸವೆದ ಡಿಸ್ಕಿನ ಶಬ್ದ, ರೆಕಾರ್ಡಿಂಗ್‌ನದ್ದಲ್ಲ. ಸ್ಲ್ಯಾಪ್‌ಬ್ಯಾಕ್ ಕೂಡ ಮೆಂಫಿಸ್‌ನ ಸನ್ ಸ್ಟುಡಿಯೊ ಗುರುತು. 80–120 ಮಿಲಿಸೆಕೆಂಡ್ ಒಂದೇ ಮರುದನಿ ಹಾಕಿದರೆ ರಾಕಬಿಲಿ (ರಾಕ್ ಅಂಡ್ ರೋಲ್ ಬೆರೆತ ಕಂಟ್ರಿ) ಆಗಿಬಿಡುತ್ತದೆ. ನಿಮಗೆ ಬೇಕಾದದ್ದು ಅದಕ್ಕಿಂತ ಒಣ ಶಬ್ದ.

ಆಗ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಸಲಕ್ಕೆ ನುಡಿಸುತ್ತಿದ್ದರು. ಫಿಡಲ್ ಶಬ್ದ ಗಾಯಕನ ಮೈಕಿಗೂ ಸೋರುತ್ತಿತ್ತು. ಆ ಸೋರಿಕೆಯೇ ಕೋಣೆಯ ಅಂದಾಜು ಕೊಡುತ್ತದೆ, ರಿವರ್ಬ್ ಅಲ್ಲ. ನಿಮಗೆ ಹೀಗೆ ಮಾಡಬಹುದು:

ಗಿಟಾರ್ ಮತ್ತು ದನಿಯನ್ನು ಒಟ್ಟಿಗೇ ರೆಕಾರ್ಡ್ ಮಾಡಿ, ಟೆಂಪೊ ತೋರಿಸುವ ಕ್ಲಿಕ್ ಇಲ್ಲದೆ. ಎರಡನ್ನೂ ಹಿಡಿಯಲು ಒಂದೇ ಮೈಕ್, ಬಾಯಿಂದ 40–50 ಸೆಂಟಿಮೀಟರ್ ದೂರ, ಗಲ್ಲದ ಮಟ್ಟಕ್ಕೆ. ಗಿಟಾರ್ ಜೋರಾದರೆ ಫೇಡರ್ ಮುಟ್ಟಬೇಡಿ, ಮೈಕ್ ಮೇಲೆತ್ತಿ. ಸ್ಯಾಂಪಲ್ ಫಿಡಲ್, ಸ್ಟೀಲ್ ಅನ್ನು ಅದೇ ಕೋಣೆಯಲ್ಲಿ ಸ್ಪೀಕರ್‌ನಿಂದ ನುಡಿಸಿ, ಎರಡು ಮೀಟರ್ ದೂರದ ಮೈಕಿನಿಂದ ಮತ್ತೆ ಹಿಡಿಯಿರಿ. ಹಾಗೆ ಹಿಡಿದದ್ದನ್ನು ಮೂಲದ ಜತೆ ಬೆರೆಸಬೇಡಿ, ಸಮಯ ವ್ಯತ್ಯಾಸದಿಂದ ಶಬ್ದ ಟೊಳ್ಳಾಗುತ್ತದೆ. ಮೂಲ ಮ್ಯೂಟ್ ಮಾಡಿ.

ಎಲ್ಲವೂ ಮೋನೊ. ಮಿಕ್ಸ್ ಬಸ್‌ನಲ್ಲಿ 80 ಹರ್ಟ್ಸ್ ಕೆಳಗೆ, 8–10 ಕಿಲೋಹರ್ಟ್ಸ್ ಮೇಲೆ ನಿಧಾನವಾಗಿ ಇಳಿಸಿ. ಮೋನೊದಲ್ಲಿ ಎರಡು ವಾದ್ಯ ಡಿಕ್ಕಿ ಹೊಡೆದರೆ ಅಕ್ಕಪಕ್ಕ ಸರಿಸಲು ಆಗುವುದಿಲ್ಲ, ಒಂದನ್ನು ಸುಮ್ಮನಿರಿಸಬೇಕು. ಆಗಿನವರ ಅರೇಂಜ್‌ಮೆಂಟ್ ಅಷ್ಟು ಶುಚಿ ಇರುವುದಕ್ಕೆ ಈ ಬಡತನವೂ ಒಂದು ಕಾರಣ.

ದನಿಯ ನಾಲ್ಕು ಪದರ ಬೇಡ. ಈಗಿನ ಕೋರಸ್ ಅಗಲವಾಗಿ ಕೇಳುವುದು ಒಬ್ಬನ ದನಿಯನ್ನೇ ಹಲವು ಸಲ ಹಾಡಿಸಿ, ಶ್ರುತಿ ತಿದ್ದಿ, ಎಡಬಲಕ್ಕೆ ಎಳೆಯುವುದರಿಂದ. ಶ್ರುತಿ ತಿದ್ದುವ ಆಟೊಟ್ಯೂನ್ ಬಂದದ್ದೇ 1997ರಲ್ಲಿ. ಜೊತೆದನಿ ಬೇಕಿದ್ದರೆ ಇನ್ನೊಬ್ಬರನ್ನು ಕರೆದು ಮುಖ್ಯ ದನಿಯ ಮೇಲೆ ಮೂರನೇ ಸ್ವರದಲ್ಲಿ ಹಾಡಿಸಿ, ಅದೇ ಮೈಕ್, ಒಂದು ಹೆಜ್ಜೆ ಹಿಂದೆ. ಸ್ವರ ಒಡೆಯುವ ಕಡೆ, ಗಂಟಲಿನಿಂದ ಕಳ್ಳದನಿಗೆ ಹಾರುವ ಕಡೆ ತಿದ್ದಲು ಹೋಗಬೇಡಿ. ಆ ಬಿರುಕು ಯೋಡಲ್‌ನ ವಂಶದ್ದು.

ಮಾಸ್ಟರ್ ಮಾಡುವಾಗ ಜೋರು ಮಾಡಲು ಹೋದರೆ ಖಾಲಿ ಜಾಗದ ಉಸಿರೂ ಮೇಲೆದ್ದು ಬರುತ್ತದೆ. ಸ್ಪಾಟಿಫೈ ಹೇಗೂ ಮಾಮೂಲಿ ಸೆಟ್ಟಿಂಗ್‌ನಲ್ಲಿ −14 ಎಲ್‌ಯುಎಫ್‌ಎಸ್ (ಶಬ್ದದ ಜೋರಿನ ಅಳತೆ) ಸುತ್ತ ತಂದು ನಿಲ್ಲಿಸುತ್ತದೆ, ಅಲ್ಲಿಗೇ ಬಿಡಿ.

ಆರುತಂತಿ

ಕೊನೆಯ ಪ್ರಶ್ನೆ. ರೂಪ ಹೀಗಿದೆ: ಪೀಠಿಕೆ 4 ಬಾರ್, ಎಎಬಿಎ (ತಲಾ 8 ಬಾರ್‌ನ ನಾಲ್ಕು ಭಾಗ, ಮೂರನೆಯದರ ರಾಗ ಬೇರೆ) 32, ಸೋಲೋ 16 (ಸ್ಟೀಲ್ 8, ಫಿಡಲ್ 8), ಮತ್ತೆ ಬಿ ಮತ್ತು ಎ 16, ಕೊನೆಗೆ 2. ಬಿ ಭಾಗಕ್ಕೆ ಎಫ್, ಸಿ, ಎಫ್, ಸಿ, ಎಫ್, ಸಿ, ಡಿ7, ಜಿ7. ಕೊನೆಯಲ್ಲಿ ಫೇಡ್ ಔಟ್. ಸರಿ ಇದೆಯಾ?

ಟಿಕ್‌ಟ್ಯಾಕ್

ರೂಪ ಸರಿ. ಟೆಂಪೊ ತಪ್ಪು. ಒಟ್ಟು 70 ಬಾರ್, 280 ಪೆಟ್ಟು. 92ಕ್ಕೆ 3 ನಿಮಿಷ 3 ಸೆಕೆಂಡ್ ಆಗುತ್ತದೆ. 10 ಇಂಚಿನ 78 ಆರ್‌ಪಿಎಂ ಡಿಸ್ಕಿನ ಒಂದು ಬದಿ ಹಿಡಿಯುತ್ತಿದ್ದದ್ದೇ ಸುಮಾರು 3 ನಿಮಿಷ. 104 ಮಾಡಿ, 2 ನಿಮಿಷ 42 ಸೆಕೆಂಡ್‌ಗೆ ಮುಗಿಯುತ್ತದೆ. 92ರಲ್ಲಿ ಬೂಮ್–ಚಕ್ ಎಳೆದಾಡುತ್ತದೆ, ಅದು ನಿಮಗೇ ಕೇಳಿಸಿರಬೇಕು. ನಿಧಾನವೇ ಬೇಕಿದ್ದರೆ 3/4ಕ್ಕೆ ಹೋಗಿ, ವಾಲ್ಟ್ಸ್ ಆಗಿನವರಿಗೆ ನೀರು ಕುಡಿದಷ್ಟು ಸುಲಭ.

ಒಂದು ಎಚ್ಚರ: ಷಫಲ್ (ಉದ್ದ–ಗಿಡ್ಡ ಜೋಡಿಯ ತೂಗುವ ಲಯ) ಸೇರಿಸುವ ಆಸೆ ಬಂದರೆ, ಬಾರ್‌ಗೆ ನಾಲ್ಕೂ ಪೆಟ್ಟು ಬೇಸ್ ನಡೆಯುವ ಷಫಲ್ ಗಾಯಕ ರೇ ಪ್ರೈಸ್‌ನ 1956ರ ಗುರುತು. ಅದನ್ನು ಬೂಮ್–ಚಕ್ ಜತೆ ಬೆರೆಸಿದರೆ ಎರಡೂ ಕೆಡುತ್ತವೆ.

ಟೋನ್‌ಬಾರ್

ಫೇಡ್ ಔಟ್ ಬೇಡ. ಕೊನೆಯ 2 ಬಾರ್‌ನಲ್ಲಿ ಬೇಸ್ ಜಿ, ಎ, ಬಿ ಹತ್ತಿ ಸಿಗೆ ಬಂದು ನಿಲ್ಲಲಿ, ಎಲ್ಲರೂ ಒಂದೇ ಏಟಿಗೆ ಸುಮ್ಮನಾಗಲಿ. ಸ್ಟೀಲ್ ಮಾತ್ರ ಎರಡು ಫ್ರೆಟ್ ಕೆಳಗಿನಿಂದ ಜಾರಿ ಬಂದು ಸಿ ಕಾರ್ಡ್ ಮೇಲೆ ಎ ಸ್ವರ ಸೇರಿಸಿ, ಅಂದರೆ ಸಿ6 ಹಿಡಿದು, ತಾನಾಗಿ ಆರುವವರೆಗೆ ಬಾರ್ ಎತ್ತದಿರಲಿ. ಸಿ6 ಟ್ಯೂನಿಂಗ್ ಲ್ಯಾಪ್ ಸ್ಟೀಲ್ ಆದರೆ 12ನೇ ಫ್ರೆಟ್‌ನಲ್ಲಿ ಬಾರ್ ನೇರ ಇಟ್ಟರೆ ಸಾಕು, ನಾಲ್ಕು ತೆಳು ತಂತಿ ಮೀಟಿದರೆ ಅದೇ ಕಾರ್ಡ್.